ಕ್ರಯಪತ್ರದ ಬೆನ್ನು

ಬೈಂಡರಕ್ಕನ ಭಾವನಿಗೆ ಕಾನೂನೆಂದರೆ ಅಂಗೈಯ ಗೆರೆ ಇದ್ದಂತೆ. ಹಾಗಂತ ಹೇಳಿಕೊಂಡು ತಿರುಗುತ್ತಿದ್ದವನು ಭಾವನೇ. ಮರದ ಡಿಪೋದಲ್ಲಿ ತೂಕದ ಚೀಟಿ ಬರೆಯುವ ಗುಮಾಸ್ತ ಅವನು. ಜನ್ಮದಲ್ಲಿ ಒಂದೇ ಒಂದು ಸಲ ಕೋರ್ಟಿನ ಮೆಟ್ಟಿಲು ಹತ್ತಿದ್ದ, ಅದೂ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಯಾರಿಗೋ ಗುದ್ದಿ ದಂಡ ಕಟ್ಟಲು. ಆದರೂ ನೆಂಟರಿಷ್ಟರಲ್ಲಿ ಪಾಲಿನದೋ ಬಾಡಿಗೆಯದೋ ಗೋಡೆಯದೋ ತಕರಾರು ಎದ್ದಿತೆಂದರೆ ಸಾಕು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಹಾಜರಾಗುತ್ತಿದ್ದ. ಎರಡನೆಯ ಪೆನ್ನು ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲನೆಯದರಲ್ಲೇ ಮಸಿ ಇರುತ್ತಿರಲಿಲ್ಲ.

ಬೈಂಡರಕ್ಕ ಎದುರಿಗೆ ಅವನನ್ನು ‘ಭಾವ, ನೀವು’ ಎಂದೇ ಕರೆಯುತ್ತಿದ್ದಳು. ಮನಸ್ಸಿನೊಳಗೆ ಏನೆನ್ನುತ್ತಿದ್ದಳೋ ಅದನ್ನು ಇಲ್ಲಿ ಬರೆಯುವಂತಿಲ್ಲ.

ಅವಳದು ಪುಸ್ತಕ ಕಟ್ಟುವ ಕಸುಬು. ಮುದ್ರಣಾಲಯಗಳ ಬೀದಿಯಲ್ಲಿ ಒಂದು ಉದ್ದನೆಯ ಇಕ್ಕಟ್ಟು ಅಂಗಡಿ, ಅದರ ತುಂಬ ರಟ್ಟು, ದಾರದ ಉಂಡೆ, ಬೇಯಿಸಿದ ಹಿಟ್ಟಿನ ಗೋಂದಿನ ವಾಸನೆ. ಸರ್ಕಾರಿ ಕಚೇರಿಗಳ ದಪ್ಪ ದಪ್ಪ ಸಂಪುಟಗಳು ಅವಳಲ್ಲಿಗೇ ಬರುತ್ತಿದ್ದವು, ಅದರಲ್ಲೂ ನೋಂದಣಿ ಕಚೇರಿಯವು. ಊರಿನ ಯಾವ ಮನೆ ಯಾರ ಹೆಸರಿನಿಂದ ಯಾರ ಹೆಸರಿಗೆ ಹೋಯಿತೆನ್ನುವ ಹಾಳೆಗಳೆಲ್ಲ ಅವಳ ಸೂಜಿಗೆ ಸಿಕ್ಕಿ ಹೊಲಿಸಿಕೊಂಡೇ ಕಪಾಟು ಸೇರಬೇಕು. ಅವಳದೇ ಮನೆಯ ಹಾಳೆ ಮಾತ್ರ ಅದರಲ್ಲಿ ಇರಲಿಲ್ಲ.

ಮನೆ ಕೊಂಡು ಹನ್ನೊಂದು ವರ್ಷವಾಗಿತ್ತು. ಗಡಿಯಾರ ರಿಪೇರಿ ಮಾಡುವ ಯಜಮಾನರೊಬ್ಬರು ತಮ್ಮ ಅಂಗಡಿಯ ಹಿಂದಿದ್ದ ಎರಡು ಕೋಣೆ, ಒಂದು ಪಡಸಾಲೆಯನ್ನು ಮಾರಿ, ತಾವು ಅಂಗಡಿಯ ಮೇಲಿನ ಕೋಣೆಯಲ್ಲಿ ಉಳಿದುಕೊಂಡಿದ್ದರು. ಹಣ ಪೂರ್ತಿ ಸಂದಾಯವಾಗಿ, ಬೀಗದ ಕೈ ಇವರ ಕೈಗೆ ಬಂದಿತ್ತು. ಸ್ಟಾಂಪ್ ಪೇಪರಿನ ಮೇಲೆ ಕ್ರಯಪತ್ರ ಬರೆಸಿದವನು ಭಾವ. ಬೈಂಡರಕ್ಕ ಆವತ್ತು ಕೆಲಸ ಬಿಟ್ಟು ಹೋಗಲಾಗದೆ ಅಂಗಡಿಯಲ್ಲಿದ್ದಳು. ಆದರೆ ಹಿಂದಿನ ದಿನವೇ ಒಂದು ಮಾತು ಹೇಳಿದ್ದಳು.

“ನೋಂದಣಿ ಕಚೇರಿ ಎರಡು ಬೀದಿ ಆಚೆಗೇ ಇದೆಯಲ್ಲ ಭಾವ. ಹೋಗಿ ಒಂದು ಮೊಹರು ಹಾಕಿಸಿಬಿಡೋಣ.”

ಭಾವ ನಕ್ಕಿದ್ದ. “ನೋಂದಣಿ ಎಲ್ಲ ನಂಬಿಕೆ ಇಲ್ಲದವರಿಗೆ ಕಣಮ್ಮ. ಸ್ಟಾಂಪ್ ಪೇಪರ್ ಮೇಲೆ ಸಹಿ ಬಿತ್ತು ಅಂದ್ರೆ ಅದನ್ನ ಯಾವನೂ ಅಲ್ಲಾಡಿಸೋಕಾಗಲ್ಲ. ಸುಮ್ಮನೆ ಸರ್ಕಾರಕ್ಕೆ ಯಾಕೆ ಸುರೀತೀಯ? ಪುಸ್ತಕ ಹೊಲಿಯೋದು ಬೇರೆ, ಕಾನೂನು ಬೇರೆ.”

“ಅಣ್ಣ ಹೇಳಿದ ಮೇಲೆ ಮುಗೀತು” ಎಂದಿದ್ದ ಅವಳ ಗಂಡ. ಮನೆ ಮನೆ ತಿರುಗಿ ನೀರಿನ ಮೀಟರು ನೋಡಿ ಬರೆದುಕೊಳ್ಳುವ ಕೆಲಸ ಅವನದು. ಮುಳ್ಳು ತೋರಿಸಿದ್ದನ್ನು ಬರೆದುಕೊಳ್ಳುವುದು ಬಿಟ್ಟರೆ ತನ್ನದೆನ್ನುವ ಅಭಿಪ್ರಾಯ ಒಂದನ್ನೂ ಸಾಕಿಕೊಂಡವನಲ್ಲ.

ಭಾವ ಅಷ್ಟಕ್ಕೇ ನಿಲ್ಲಲಿಲ್ಲ. ಕ್ರಯಪತ್ರವನ್ನು ರಟ್ಟಿಗೆ ಅಂಟಿಸಿ, ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ ಪಡಸಾಲೆಯ ಬಾಗಿಲ ಮೇಲೆ ನೇತುಹಾಕಿದ. ಬಂದುಹೋಗುವವರಿಗೆಲ್ಲ ಕತ್ತೆತ್ತಿ ತೋರಿಸಿ, “ನನ್ನ ಕೈಕೆಲಸ” ಎನ್ನುತ್ತಿದ್ದ. ಕಾಗದದ ಬೆಲೆ ಗೊತ್ತಿದ್ದ ಬೈಂಡರಕ್ಕನಿಗೆ ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಗಡಿಯಾರದ ಯಜಮಾನರು ಮಾತಿನ ಮನುಷ್ಯ. ವರ್ಷಕ್ಕೆರಡು ಸಲ ತಾವಾಗಿಯೇ ಬಾಗಿಲಿಗೆ ಬಂದು, “ಏನಮ್ಮ, ಕಚೇರಿಗೆ ಯಾವತ್ತು ಹೋಗೋಣ? ನನ್ನ ಕಣ್ಣು ಮಂಜಾಗ್ತಾ ಇದೆ” ಎಂದು ಕೇಳುತ್ತಿದ್ದರು. ಮೊದಮೊದಲು ಗಂಡ “ಅಣ್ಣನ್ನ ಕೇಳಿ ಹೇಳ್ತೀನಿ” ಎನ್ನುತ್ತಿದ್ದ. ಆಮೇಲಾಮೇಲೆ ಬೈಂಡರಕ್ಕನೇ “ಮುಂದಿನ ತಿಂಗಳು ಯಜಮಾನ್ರೇ” ಎನ್ನತೊಡಗಿದಳು. ಅವಳೇಕೆ ಹಾಗೆನ್ನತೊಡಗಿದಳೆಂಬುದು ಮುಂದೆ ತಾನಾಗಿ ತಿಳಿಯುತ್ತದೆ.

ಒಂದು ಬೆಳಿಗ್ಗೆ ಯಜಮಾನರು ಮೇಲಿನ ಕೋಣೆಯಿಂದ ಇಳಿದು ಬರಲಿಲ್ಲ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಅವರಿಗಿದ್ದವಳು ಒಬ್ಬಳೇ ಮಗಳು, ಬೇರೆ ಊರಿನಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಎರಡು ತಿಂಗಳು ಕಳೆದ ಮೇಲೆ ಬಂದವನು ಮಗಳಲ್ಲ, ಅಳಿಯ. ಹೆಂಡತಿಯಿಂದ ಅಧಿಕಾರ ಪತ್ರ ಬರೆಸಿಕೊಂಡೇ ಬಂದಿದ್ದ. ಟೈಲ್ಸ್ ವ್ಯಾಪಾರ ಅವನದು. ಯಾರ ಮನೆಗೆ ಹೋದರೂ ಮೊದಲು ನೆಲ ನೋಡಿ ಆಮೇಲೆ ಮುಖ ನೋಡುವ ಜಾತಿ. ಬೈಂಡರಕ್ಕನ ಮನೆಯ ನೆಲ ನೋಡಿ ತುಟಿ ಕೊಂಕಿಸಿದ. ಆಮೇಲೆ ಬಾಗಿಲ ಮೇಲಿನ ಚೌಕಟ್ಟನ್ನು ಓದಿ ನಿಜವಾಗಿಯೂ ನಕ್ಕ.

“ಇದು ನೋಂದಣಿ ಆಗಿಲ್ವಲ್ಲ.”

“ನಿಮ್ಮ ಮಾವನವರ ಸಹಿ ಇದೆಯಲ್ಲಪ್ಪ. ಇಬ್ಬರು ಸಾಕ್ಷಿಗಳದೂ ಇದೆ” ಎಂದಳು ಬೈಂಡರಕ್ಕ.

“ಸಹಿ ಇದ್ರೆ? ಕಚೇರೀಲಿ ನೋಡ್ಕೊಂಡೇ ಬಂದಿದ್ದೀನಿ. ಅಲ್ಲಿ ಈ ಮನೆ ಇವತ್ತಿಗೂ ನಮ್ಮ ಮಾವನ ಹೆಸರಲ್ಲೇ ಇದೆ, ಅಂದ್ರೆ ನನ್ನ ಹೆಂಡತೀದು. ಚೌಕಟ್ಟು ಚೆನ್ನಾಗಿದೆ. ಹೋಗ್ತಾ ತಗೊಂಡು ಹೋಗಿ, ಬಾಡಿಗೆ ಮನೆ ಗೋಡೆಗಾಗುತ್ತೆ.” ಎರಡು ತಿಂಗಳ ಗಡುವು ಕೊಟ್ಟು, ಹೊರಡುವ ಮುನ್ನ ಹೊಸ್ತಿಲಾಚೆಯ ಕಲ್ಲನ್ನು ಬೂಟಿನ ತುದಿಯಿಂದ ತಟ್ಟಿ, “ಇದನ್ನೆಲ್ಲ ಕಿತ್ತಾಕ್ಬೇಕು” ಎಂದುಕೊಂಡ.

ಗಂಡ ಓಡಿದ್ದು ಅಣ್ಣನ ಬಳಿಗೆ. ಅಳಿಯ ಮತ್ತೆ ಬಂದ ದಿನ ಭಾವ ಇಸ್ತ್ರಿ ಅಂಗಿ ತೊಟ್ಟು ಪಡಸಾಲೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

“ನೋಡಿ ಇವರೇ, ಸೆಕ್ಷನ್ ಪ್ರಕಾರ ನೀವು ಇವರನ್ನ ಮುಟ್ಟೋಕೂ ಆಗಲ್ಲ.”

“ಯಾವ ಸೆಕ್ಷನ್?”

ಭಾವ ಒಂದು ಗಳಿಗೆ ಛಾವಣಿ ನೋಡಿದ. “ಎಲ್ಲ ಸೆಕ್ಷನ್ನೂ ಅದನ್ನೇ ಹೇಳುತ್ತೆ” ಎಂದ.

ಅಳಿಯ ಜೇಬಿನಿಂದ ಅಳತೆ ಟೇಪು ತೆಗೆದು ಪಡಸಾಲೆಯನ್ನು ಅಳೆಯತೊಡಗಿದ. ಅಳೆಯುತ್ತಾ ಬಂದವನು ಭಾವನ ಕಾಲ ಬಳಿ ನಿಂತು, “ಸ್ವಲ್ಪ ಕಾಲೆತ್ತಿ” ಎಂದ. ಭಾವ ಎತ್ತಿದ. ಬೈಂಡರಕ್ಕ ಅದನ್ನು ಕಣ್ಣಾರೆ ಕಂಡಳು. ಅಳಿಯ ಹೋದ ಮೇಲೆ ಭಾವನಿಗೆ ಡಿಪೋದಲ್ಲಿ ಲಾರಿ ಬಂದಿರುವುದು ತಟ್ಟನೆ ನೆನಪಾಯಿತು. ಮುಂದೆ ಎಷ್ಟೋ ತಿಂಗಳು ಆ ಲಾರಿಗಳು ಬರುತ್ತಲೇ ಇದ್ದವು, ಭಾವ ಮಾತ್ರ ಬರಲಿಲ್ಲ.

ಬೈಂಡರಕ್ಕ ಗಂಡನನ್ನು ಕೇಳಲಿಲ್ಲ. ಚೌಕಟ್ಟನ್ನು ಇಳಿಸಿ ಚೀಲದಲ್ಲಿಟ್ಟುಕೊಂಡು, ಔಷಧದ ಅಂಗಡಿಯೊಂದರ ಮೇಲೆ ಕಚೇರಿ ಇಟ್ಟಿದ್ದ ವಕೀಲಮ್ಮನ ಬಳಿಗೆ ಹೋದಳು. ಹಿಂದೆ ಆಕೆಯ ಕಾನೂನು ಪುಸ್ತಕಗಳಿಗೆ ಹೊಸ ರಟ್ಟು ಕಟ್ಟಿಕೊಟ್ಟಿದ್ದ ಪರಿಚಯ. ವಕೀಲಮ್ಮ ಗಾಜಿನ ಮೇಲಿಂದಲೇ ಎರಡು ಸಲ ಓದಿ ಕನ್ನಡಕ ತೆಗೆದಳು.

“ಅಕ್ಕ, ಬೇಜಾರು ಮಾಡ್ಕೋಬೇಡಿ. ಈ ಕಾಗದದಿಂದ ಮನೆ ನಿಮ್ಮದಾಗಿಲ್ಲ. ನೋಂದಣಿ ಆಗ್ದೆ ಮನೆ ಕೈ ಬದಲಾಗಲ್ಲ, ಹನ್ನೊಂದು ವರ್ಷ ಆಗ್ಲಿ, ನೂರು ವರ್ಷ ಆಗ್ಲಿ.”

“ಹಾಗಾದ್ರೆ ಇದು ರದ್ದಿ?”

“ರದ್ದಿ ಅಂದ್ನಾ? ಮನೆ ಕೊಟ್ಟೆ ಅನ್ನೋದಕ್ಕೆ ಇದು ಆಧಾರ ಆಗಲ್ಲ. ಆದ್ರೆ ಕೊಡ್ತೀನಿ ಅಂತ ಮಾತಾಗಿತ್ತು, ಹಣ ತಗೊಂಡ್ರು, ನಿಮ್ಮನ್ನ ಒಳಗೆ ಬಿಟ್ರು, ಅಷ್ಟಕ್ಕೆ ಇದು ಸಾಕ್ಷಿ ಆಗುತ್ತೆ. ಆ ಮಾತನ್ನ ನಡೆಸ್ಕೊಡಿ, ನೋಂದಣಿ ಮಾಡ್ಕೊಡಿ ಅಂತ ಕೋರ್ಟಲ್ಲಿ ಕೇಳಬಹುದು. ತೀರ್ಕೊಂಡವರ ಮಾತು ವಾರಸುದಾರರನ್ನೂ ಕಟ್ಟಿಹಾಕುತ್ತೆ. ಸ್ಟಾಂಪು ಕಡಿಮೆ ಬಿದ್ದಿದೆ, ಅದಕ್ಕೆ ದಂಡ ಬೇರೆ. ಉಳಿಸಿದ್ರಲ್ಲ, ಅದಕ್ಕಿಂತ ಜಾಸ್ತೀನೇ ಆಗುತ್ತೆ.” ವಕೀಲಮ್ಮ ಚೌಕಟ್ಟನ್ನು ಮಗುಚಿ ನೋಡಿ ಹುಬ್ಬುಗಂಟಿಕ್ಕಿದಳು. “ಇದನ್ನ ರಟ್ಟಿಗೆ ಯಾರು ಅಂಟಿಸಿದ್ದು? ಸ್ಟಾಂಪ್ ಪೇಪರ್ ಮಾರಿದ ಅಂಗಡಿಯವನ ಮೊಹರು, ಪೇಪರಿನ ನಂಬರು ಎಲ್ಲ ಹಿಂಬದೀಲಿರುತ್ತೆ. ಅದಿಲ್ದೆ ಕೋರ್ಟಲ್ಲಿ ನಂಬೋದು ಹೇಗೆ? ಯಾವ ಬುದ್ಧಿವಂತರ ಕೆಲಸ ಇದು?”

“ನಮ್ಮ ಭಾವನವರದು” ಎಂದಳು ಬೈಂಡರಕ್ಕ. ಆ ‘ನವರು’ ಎಷ್ಟು ಗಟ್ಟಿಯಾಗಿ ಬಂತೆಂದರೆ ವಕೀಲಮ್ಮ ಮುಂದೆ ಏನೂ ಕೇಳಲಿಲ್ಲ.

ದಾವೆ ಹಾಕಿದ್ದಾಯಿತು. ಕಾಗದವನ್ನು ರಟ್ಟಿನಿಂದ ಬಿಡಿಸುವುದಾದರೆ ಎದುರು ಪಕ್ಷದ ಕಣ್ಣೆದುರಿಗೇ ಬಿಡಿಸಬೇಕು, ಇಲ್ಲದಿದ್ದರೆ ನಾಳೆ ತಿದ್ದಿದಿರಿ ಎನ್ನುತ್ತಾರೆ ಎಂದು ವಕೀಲಮ್ಮ ಕೋರ್ಟಿನಿಂದ ಅದಕ್ಕೂ ಅಪ್ಪಣೆ ತಂದಳು. ಹೀಗೆ ಒಂದು ಮಧ್ಯಾಹ್ನ ಕೋರ್ಟಿನ ಗುಮಾಸ್ತ, ಇಬ್ಬರು ವಕೀಲರು, ಅಳಿಯ, ಗಂಡ ಎಲ್ಲರೂ ಆ ಇಕ್ಕಟ್ಟು ಅಂಗಡಿಯಲ್ಲಿ ಬಂದು ನಿಂತರು. ಬಿಡಿಸುವ ಕೆಲಸ ಬಲ್ಲವರು ಊರಿನಲ್ಲಿ ಇನ್ನೊಬ್ಬರಿಲ್ಲವಾದ್ದರಿಂದ ಅವಳೇ ಬಿಡಿಸಲಿ ಎಂದು ಎದುರು ವಕೀಲರೂ ಒಪ್ಪಿಕೊಂಡಿದ್ದರು. ಅಳಿಯ ಬಿಳಿ ಹಾಳೆಯ ಕಟ್ಟುಗಳ ಮೇಲೆ ಆರಾಮಾಗಿ ಕೂತು, “ನಿಧಾನ, ಹರಿದೀತು. ಆಮೇಲೆ ನನ್ನ ಮೇಲೆ ಹೇಳ್ಬೇಡಿ” ಎಂದ.

“ಎದ್ದು ನಿಂತ್ಕೊಳ್ಳಿ” ಎಂದಳು ಬೈಂಡರಕ್ಕ, ತಲೆಯೆತ್ತದೆ. “ಅದು ಗಿರಾಕಿಯ ಕಾಗದ.”

ಅವಳು ಕಾಗದವನ್ನು ಬೋರಲು ಹಾಕಿ, ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ರಟ್ಟಿನ ಮೇಲೆ ಹಾಸಿದಳು. ರಟ್ಟು ಮೆತ್ತಗಾಗುವವರೆಗೂ ಕಾದು, ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಪದರ ಪದರವಾಗಿ ಸುಲಿದಳು. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಕೊನೆಯ ತೆಳು ಪದರಕ್ಕೆ ಬಂದಾಗ ಕಾಗದ ಮಡಿಸುವ ಮೂಳೆಯ ಪಟ್ಟಿ ಕೈಗೆತ್ತಿಕೊಂಡು, ಕಾಗದದ ಬೆನ್ನಿನಿಂದ ಗೋಂದನ್ನು ಮೆಲ್ಲಗೆ ಕೆರೆದಳು. ಮೊದಲು ಮೊಹರು ಕಂಡಿತು, ನಂಬರು ಕಂಡಿತು. ಅದರ ಕೆಳಗೆ ಬಾಲ್‌ಪೆನ್ನಿನಲ್ಲಿ, ಗಡಿಯಾರದ ಒಳಗಿನ ಚಕ್ರಗಳಷ್ಟೇ ಸಣ್ಣ ಅಕ್ಷರದಲ್ಲಿ ಎರಡು ಸಾಲು.

ಕೋರ್ಟಿನ ಗುಮಾಸ್ತ ಬಗ್ಗಿ ಗಟ್ಟಿಯಾಗಿ ಓದಿದ: “ಇವರು ಕರೆದ ದಿನ ಕಚೇರಿಗೆ ಬಂದು ನೋಂದಣಿ ಮಾಡಿಕೊಡುತ್ತೇನೆ. ಅಷ್ಟರೊಳಗೆ ನಾನು ಇಲ್ಲವಾದರೆ ನನ್ನ ಮಗಳು ಬಂದು ಮಾಡಿಕೊಡುತ್ತಾಳೆ.” ಕೆಳಗೆ ಅದೇ ದಿನದ ತಾರೀಖು, ಅದೇ ಸಹಿ.

ಅಳಿಯ ಎರಡು ಹೆಜ್ಜೆ ಮುಂದೆ ಬಂದವನು ಹಾಗೇ ನಿಂತ. ವಕೀಲಮ್ಮ ಬೈಂಡರಕ್ಕನ ಕಡೆ ನೋಡಿದರೆ ಅವಳು ತನ್ನ ಗಂಡನ ಕಡೆ ನೋಡುತ್ತಿದ್ದಳು.

“ಹೌದು, ಆವತ್ತು ಯಜಮಾನ್ರು ಹಿಂದುಗಡೆ ಏನೋ ಬರೆದ್ರು” ಎಂದ ಗಂಡ, ಮೀಟರು ಓದಿದಷ್ಟೇ ಸಮಾಧಾನದಲ್ಲಿ. “ಅಣ್ಣ, ‘ಮುದುಕರ ಗೀಚು, ಬಿಡೋ’ ಅಂದ.”

ಹನ್ನೊಂದು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಎರಡು ಹೊತ್ತು ಊಟ ಮಾಡಿ ಮಲಗಿದ್ದ ಮನುಷ್ಯ! ಬೈಂಡರಕ್ಕನಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಬರಬೇಕಾದರೂ ಎದುರಿಗೆ ಒಬ್ಬ ಆಳು ಇರಬೇಕಲ್ಲ.

ಕೋರ್ಟು ತನ್ನ ನಡಿಗೆಯಲ್ಲೇ ನಡೆಯಿತು. ಸಹಿ ನಕಲಿ, ಇವರು ಬರೀ ಬಾಡಿಗೆಯವರು, ಮಾವನವರು ಕನಿಕರದಿಂದ ಇರಗೊಟ್ಟಿದ್ದರು ಎಂದು ಅಳಿಯ ಉತ್ತರ ಬರೆಸಿದ್ದ. ಒಂದೂವರೆ ವರ್ಷದ ಮೇಲೆ ಬೈಂಡರಕ್ಕ ಸಾಕ್ಷಿಯ ಕಟಕಟೆ ಹತ್ತಿದಳು. ಅಳಿಯ ಹೆಂಡತಿಯನ್ನು ಒಮ್ಮೆಯೂ ಕರೆತಂದಿರಲಿಲ್ಲವಾದ್ದರಿಂದ ವಕೀಲಮ್ಮ ಆಕೆಗೆ ಸಮನ್ಸ್ ಕಳಿಸಿದ್ದಳು. ಆವತ್ತು ಆಕೆ ಒಬ್ಬಳೇ ಬಸ್ಸಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಗಂಡನ ಪಕ್ಕದಲ್ಲಲ್ಲ.

ಎದುರು ವಕೀಲರು ಬಹಳ ವಿನಯದ ಮನುಷ್ಯ. “ನೋಂದಣಿ ಕಚೇರಿ ಪುಸ್ತಕಗಳನ್ನ ಕಟ್ಟೋರು ನೀವೇ ಅಲ್ವೇನಮ್ಮ?”

“ಹೌದು.”

“ಅಂದ್ರೆ ನೋಂದಣಿ ಅಂದ್ರೇನು ಅಂತ ಗೊತ್ತಿಲ್ದೇ ಇರೋರಲ್ಲ. ನಿಮ್ಮ ಪ್ರಕಾರ ಮನೆ ಮಾರಿದವರೇ ಬಾ ಬಾ ಅಂತ ಕರೀತಿದ್ರು. ಮತ್ತೆ ಯಾಕೆ ಮಾಡಿಸ್ಲಿಲ್ಲ?”

ಭಾವನ ಹೆಸರು ಹೇಳಿ ಬಚಾವಾಗಬಹುದಿತ್ತು. ವಕೀಲಮ್ಮ ಹಾಗೇ ಹೇಳಿಕೊಟ್ಟಿದ್ದಳು ಕೂಡ. ಬೈಂಡರಕ್ಕ ಕಟಕಟೆಯ ಮರದ ಅಂಚನ್ನು ಹಿಡಿದುಕೊಂಡಳು.

“ಮೊದಲು ನಮ್ಮ ಮನೆಯವರು ಬೇಡ ಅಂದ್ರು. ಆಮೇಲೆ ನಾನೇ ದುಡ್ಡು ಕೂಡಿಟ್ಟೆ, ಶುಲ್ಕ ಕಟ್ಟೋಕೆ ಅಂತಲೇ. ಅಷ್ಟರಲ್ಲಿ ಕಾಗದ ಕತ್ತರಿಸೋ ಮೆಷಿನ್ನು ಒಂದು ಮಾರಾಟಕ್ಕೆ ಬಂತು. ಆ ದುಡ್ಡಲ್ಲಿ ಅದನ್ನ ತಗೊಂಡೆ. ಯಜಮಾನ್ರು ಒಳ್ಳೆಯವರು, ಎಲ್ಲಿಗೆ ಹೋಗ್ತಾರೆ, ಮುಂದಿನ ವರ್ಷ ಮಾಡಿಸಿದ್ರಾಯ್ತು ಅಂದ್ಕೊಂಡೆ. ಅದೇ ಅಭ್ಯಾಸ ಆಗೋಯ್ತು.”

ಹಿಂದೆ ಯಾರೋ ಕಿಸಕ್ಕೆಂದರು. ಇಷ್ಟು ವರ್ಷ ಭಾವನ ಮೇಲೆ ಮೂಗು ಮುರಿಯುತ್ತಾ ಬಂದಿದ್ದವಳಿಗೆ ತನ್ನದೇ ಮೂಗು ಎಲ್ಲಿಡಲಿ ಎನಿಸಿತು. ಕಟಕಟೆ ಇಳಿಯುವಾಗ ಹಿಂದಿನ ಬೆಂಚಿನ ಹೆಂಗಸಿನ ಕಣ್ಣು ತನ್ನ ಮೇಲೇ ಇರುವುದು ಕಂಡಿತು. ಅದರಲ್ಲಿ ಕನಿಕರದ ಗಂಧವೂ ಇರಲಿಲ್ಲ.

ಆಮೇಲೆ ಗಡಿಯಾರದವರ ಮಗಳ ಸರದಿ. ಎತ್ತರದ ಹೆಂಗಸು, ಮುಖದಲ್ಲಿ ನಿದ್ದೆಗೆಟ್ಟ ಕಳೆ. ವಕೀಲಮ್ಮ ಕಾಗದ ಮುಂದೆ ಹಿಡಿದಳು.

“ಇದು ನಿಮ್ಮ ತಂದೆಯವರ ಸಹೀನಾ?”

“ಹೌದು.”

ಆಕೆಯ ಕಡೆಯ ವಕೀಲರೇ ಧಡಕ್ಕನೆ ಎದ್ದರು. “ಚೆನ್ನಾಗಿ ನೋಡಿ ಹೇಳಿ ಅಮ್ಮ.”

“ನೋಡೇ ಹೇಳ್ತಿದ್ದೀನಿ. ಹತ್ತು ವರ್ಷ ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ನೋಡಿದ ಸಹಿ ಇದು.”

“ಸಹಿ ನಕಲಿ ಅಂತ ನಿಮ್ಮ ಉತ್ತರದಲ್ಲಿ ಇದೆಯಲ್ಲ?” ಎಂದರು ಅದೇ ವಕೀಲರು.

“ಅದು ನನ್ನ ಗಂಡನ ಉತ್ತರ. ಅವರನ್ನೇ ಕೇಳಿ.”

ವಕೀಲಮ್ಮ ಕಾಗದ ಮಗುಚಿದಳು. ಆಕೆ ಆ ಎರಡು ಸಾಲನ್ನು ಓದಿದಳು, ಮತ್ತೊಮ್ಮೆ ಓದಿದಳು. ತುಟಿ ಒಂದಿಷ್ಟು ಸೊಟ್ಟಗಾಯಿತು.

“ಇದೂ ಅಪ್ಪನ ಅಕ್ಷರಾನೇ. ನನ್ನ ಒಂದು ಮಾತು ಕೇಳದೆ ನನ್ನ ಪರವಾಗಿ ಮಾತು ಕೊಡೋದು ಅವರಿಗೆ ರೂಢಿ. ಮದುವೆ ಮಾಡಿದ್ದೂ ಹಾಗೇ.”

ಕೋರ್ಟಿನಲ್ಲಿ ನಗು ಎದ್ದು ಅಲ್ಲೇ ಅಡಗಿತು. ಅಳಿಯ ಕೋರ್ಟಿನ ನೆಲವನ್ನು ನೋಡುತ್ತಿದ್ದ, ಅದರಲ್ಲಿ ಕೊಂಡುಕೊಳ್ಳುವಂಥದ್ದೇನೂ ಇರಲಿಲ್ಲ.

ತೀರ್ಪು ಬಂದದ್ದು ನಾಲ್ಕು ತಿಂಗಳ ಮೇಲೆ. ನೋಂದಣಿಯಾಗದ ಕ್ರಯಪತ್ರ ಯಾರನ್ನೂ ಮನೆಯ ಒಡೆಯರನ್ನಾಗಿ ಮಾಡುವುದಿಲ್ಲ, ಆದರೆ ಮಾರುತ್ತೇನೆಂಬ ಒಪ್ಪಂದಕ್ಕೆ ಅದು ಸಾಕ್ಷಿಯಾಗಬಲ್ಲದು. ಆ ಒಪ್ಪಂದ ಇಲ್ಲಿ ರುಜುವಾತಾಗಿದೆ, ಕರೆದಾಗ ಎಂದು ಬರೆದಿರುವುದರಿಂದ ದಾವೆ ಹಾಕುವ ಗಡುವೂ ಮೀರಿಲ್ಲ, ವಾರಸುದಾರಳು ಬಂದು ನೋಂದಣಿ ಮಾಡಿಕೊಡತಕ್ಕದ್ದು ಎಂದು ನ್ಯಾಯಾಧೀಶರು ಬರೆದರು. ನೋಂದಣಿ ಕಚೇರಿಯ ಪುಸ್ತಕ ಕಟ್ಟುವವರೇ ಅದರಲ್ಲಿ ತಮ್ಮ ಹೆಸರು ಬರೆಸಲು ಸೋಮಾರಿತನ ತೋರಿದ್ದು ವಿಚಿತ್ರ ಎಂದೂ ಒಂದು ಸಾಲು ಸೇರಿಸಿದ್ದರು. ವಕೀಲಮ್ಮ ಆ ಸಾಲನ್ನು ಓದದೆ ದಾಟಿಸಲು ನೋಡಿದಳು. ಬೈಂಡರಕ್ಕ ಓದಿಸಿಕೊಂಡಳು.

ನೋಂದಣಿಯ ದಿನ ಭಾವ ಪ್ರತ್ಯಕ್ಷನಾದ. ಕಚೇರಿಯ ಕಿಟಕಿಯ ಬಳಿ ಸಾಲಿನಲ್ಲಿ ನಿಂತವರಿಗೆಲ್ಲ, “ನಾನು ಬರೆಸಿದ ಕಾಗದ ರೀ. ಕೋರ್ಟೇ ಎತ್ತಿ ಹಿಡೀತು” ಎನ್ನುತ್ತಿದ್ದ. ಗಂಡ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ.

“ಭಾವ” ಎಂದಳು ಬೈಂಡರಕ್ಕ, “ಹೊರಗಡೆ ಬೆಂಚಿದೆ. ಅಲ್ಲಿ ಕೂತ್ಕೊಂಡು ಯಾರಿಗಾದ್ರೂ ಬುದ್ಧಿ ಹೇಳಿ. ಇಲ್ಲಿ ನಿಮ್ಮಿಂದ ಆಗೋ ಕೆಲಸ ಒಂದೂ ಇಲ್ಲ.”

ಭಾವ ತಮ್ಮನ ಮುಖ ನೋಡಿದ. ತಮ್ಮ ಗೋಡೆಯ ಮೇಲಿನ ಸುತ್ತೋಲೆಯನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ. ಭಾವ ಹೊರಗೆ ಹೋದ.

ಗಡಿಯಾರದವರ ಮಗಳು ಕರೆದ ಹೊತ್ತಿಗೆ ಸರಿಯಾಗಿ ಬಂದಳು. ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಬೆರಳೊತ್ತಿ, ಕರವಸ್ತ್ರದಲ್ಲಿ ಮಸಿ ಒರೆಸಿಕೊಳ್ಳುತ್ತಾ ಹೊರಟೇಬಿಟ್ಟಳು. ಬೈಂಡರಕ್ಕ ಮೆಟ್ಟಿಲವರೆಗೂ ಹಿಂದೆಯೇ ಓಡಿದಳು.

“ಒಂದು ನಿಮಿಷ ತಾಯಿ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಒಂದ್ಸಲ ಮನೆಗೆ ಬಂದು ಹೋಗಿ, ನೀವು ಹುಟ್ಟಿ ಬೆಳೆದ ಮನೆ.”

“ನಿಮಗೆ ಉಪಕಾರ ಮಾಡೋಕೆ ನಾನು ಬರಲಿಲ್ಲ” ಎಂದಳು ಆಕೆ. ದನಿ ಏರಿಸಲಿಲ್ಲ. “ಅಪ್ಪ ಬರೆದು ಹೋಗಿದ್ರು, ಬಂದೆ. ನನ್ನ ಗಂಡ ದುರಾಸೆಯವರು, ಅದು ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ಆದ್ರೆ ನೀವೇನು? ಕಣ್ಣು ಕಾಣದ ಮುದುಕರು ಹತ್ತು ವರ್ಷ ನಿಮ್ಮ ಬಾಗಿಲಿಗೆ ಬಂದು ಬಂದು ಕರೆದಿದ್ದಾರೆ. ನೀವು ಮೆಷಿನ್ನು ತಗೊಂಡ್ರಿ.”

“ತಪ್ಪಾಯ್ತು.”

“ನಿಮಗೆ ಅಷ್ಟಂದ್ರೆ ಮುಗೀತು. ನಾನು ಕಟಕಟೆ ಹತ್ತಿ ಗಂಡನ ಎದುರು ಹೇಳಿ, ಅದೇ ಮನೆಗೆ ಹೋಗಿ ಅದೇ ಮನುಷ್ಯನ ಎದುರು ಕೂತು ಊಟ ಮಾಡ್ತಿದ್ದೀನಿ. ದಿನಾ.” ಕರವಸ್ತ್ರ ಮಡಚಿ ಚೀಲಕ್ಕೆ ಹಾಕಿಕೊಂಡಳು. “ಮನೆ ನೋಡೋಕೆ ಬರೋದೆಲ್ಲ ಬೇಡ. ಚೆನ್ನಾಗಿರಿ.”

ಆಕೆ ರಸ್ತೆ ದಾಟಿ, ಬಂದ ಮೊದಲ ಬಸ್ಸನ್ನೇ ಹತ್ತಿದಳು. ಅದು ಯಾವ ಊರಿಗೆ ಹೋಗುವುದೆಂದು ನೋಡಿದಳೋ ಇಲ್ಲವೋ. ಬೈಂಡರಕ್ಕ ಮೆಟ್ಟಿಲ ಮೇಲೇ ನಿಂತಿದ್ದಳು. ಅಷ್ಟು ದಿನ ಒಬ್ಬೊಬ್ಬರಿಗೂ ಒಂದೊಂದು ಅಳತೆಯಲ್ಲಿ ತಿರಸ್ಕಾರ ಹಂಚುತ್ತಾ ಬಂದವಳು. ಈಗ ಅವಳ ಪಾಲೂ ಅವಳಿಗೆ ಸಿಕ್ಕಿತ್ತು, ಅಳತೆ ತಪ್ಪದೆ.

ಗಂಡ ರಸೀದಿ ಹಿಡಿದು ಹೊರಗೆ ಬಂದ. “ಏನಂದ್ರು ಅವರು?”

“ಇದ್ದಿದ್ದನ್ನ ಅಂದ್ರು.” ಅವನ ಕೈಯಲ್ಲಿದ್ದ ರಸೀದಿ ನೋಡಿ ಕೇಳಿದಳು: “ಮೂಲ ಪತ್ರ ಯಾವತ್ತು ಕೊಡ್ತಾರಂತೆ?”

“ಕೇಳಲಿಲ್ಲ. ಅಣ್ಣ, ‘ಅವರೇ ಕಳಿಸ್ತಾರೆ ಬಾ’ ಅಂದ.”

ಬೈಂಡರಕ್ಕ ರಸೀದಿಯನ್ನು ಅವನ ಕೈಯಿಂದ ತೆಗೆದುಕೊಂಡು, ಒಳಗೆ ಹೋಗಿ ಮತ್ತೆ ಸಾಲಿನ ಕೊನೆಯಲ್ಲಿ ನಿಂತಳು.